ನೀರುಗಂಟಿಯ ಮನೆಯ ದೇವಕಣಗಿಲೆ

ಮೊನ್ನೆ ನನ್ನ ಗೆಳತಿ ರಕ್ಷಿತಾ ಕಾಲೇಜಿಗೆ ಒಂದು ಪುಟ್ಟ ಟ್ಯೂಬು ತಂದಿದ್ದಳು. ಕೈಗೆ ಹಚ್ಚಿಕೊಳ್ಳುವ ಕ್ರೀಮು. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಮಂಡ್ಯಕ್ಕೆ ಬರುವ ಹುಡುಗಿ. ಕಂಬಿ ಹಿಡಿದೂ ಹಿಡಿದೂ ಅವಳ ಅಂಗೈ ನಮ್ಮೂರ ಎತ್ತಿನ ಗೊರಸಿನಂತಾಗಿದೆ ಎಂದು ನಾನು ಹೇಳಿದರೆ ಅವಳಿಗೆ ಕೋಪ ಬರುತ್ತದೆ. ಅವಳ ಮಾವ ಎಲ್ಲಿಗೋ ಪ್ರವಾಸ ಹೋಗಿದ್ದವರು ತಂದುಕೊಟ್ಟಿದ್ದಂತೆ. ನಮ್ಮೆಲ್ಲರ ಕೈಗೂ ಕಡಲೆಕಾಳಿನಷ್ಟು ಕ್ರೀಮನ್ನು ತೀರ್ಥ ಕೊಡುವ ಪೂಜಾರಿಯ ಗತ್ತಿನಲ್ಲಿ ಹಂಚಿ, "ಮೂಸಿ ನೋಡ್ರೇ. ಫ್ರಾಂಜಿಪಾನಿ. ಬಾಲಿ ದೇಶದ್ ಹೂವು" ಎಂದಳು.

ಎಲ್ಲರೂ ಮೂಸಿದರು, ಕಣ್ಣು ಮುಚ್ಚಿದರು, ಪುಕ್ಕಟೆಯಾಗಿ ಬಾಲಿಗೆ ಹೋದರು. ನಾನೂ ಮೂಸಿದೆ. ನಾನು ಮಾತ್ರ ಹೊಳಲಿನ ನಮ್ಮ ಮನೆಯ ಹಿತ್ತಿಲಿಗೆ ಹೋಗಿ, ಅಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಜಾರಿ ಬಿದ್ದು ವಾಪಸು ಬಂದೆ.

"ಲೇ, ಇದು ದೇವಕಣಗಿಲೆ ಕಣೇ. ನಮ್ಮನೇಲೂ ಐತೆ" ಎಂದೆ.

"ನಿಮ್ಮನೇಲಿ ಇಲ್ದೇ ಇರೋದು ಏನೇ ಐತೆ? ಹೋದ ವಾರ ಮೊಸಳೆ ಬಂದಿತ್ತಲ್ಲ, ನಾಲೆಯಿಂದ" ಎಂದಳು ರಕ್ಷಿತಾ.

ಮೊಸಳೆಯಲ್ಲ, ಉಡ ಬಂದಿದ್ದು. ಹೇಳುವಾಗ ಸ್ವಲ್ಪ ಬೆಳೆಯಿತು. ನಮ್ಮ ತರಗತಿಯಲ್ಲಿ ನನ್ನ ಮಾತನ್ನು ಅರ್ಧಕ್ಕೆ ಮುರಿದುಕೊಂಡೇ ಕೇಳುತ್ತಾರೆ. ನೀವೂ ಬೇಕಾದರೆ ಅರ್ಧ ಕಳೆದುಕೊಳ್ಳಿ, ಬೇಜಾರಿಲ್ಲ. ನಮ್ಮ ತಾತನ ವಿಷಯದಲ್ಲಿ ಅರ್ಧ ಕಳೆದರೂ ಒಬ್ಬ ಮನುಷ್ಯನಿಗೆ ಆಗಿ ಮಿಗುವಷ್ಟು ಉಳಿಯುತ್ತದೆ.

ತಾತ ನೀರುಗಂಟಿಯಾಗಿದ್ದವನು. ನಾಲೆಯ ನೀರನ್ನು ಇವತ್ತು ಯಾರ ಗದ್ದೆಗೆ ಬಿಡಬೇಕು, ಯಾರಿಗೆ ನಾಳೆ, ಯಾರು ಇನ್ನೂ ಸ್ವಲ್ಪ ದಿನ ಆಕಾಶ ನೋಡಿಕೊಂಡು ಕೂತಿರಬೇಕು ಎಂಬುದನ್ನೆಲ್ಲ ಹೆಗಲ ಮೇಲೊಂದು ಗುದ್ದಲಿ ಇಟ್ಟುಕೊಂಡು ತೀರ್ಮಾನ ಮಾಡುತ್ತಿದ್ದವನು. ಆಗ ಅವನು ರಸ್ತೆಯಲ್ಲಿ ನಡೆದರೆ ಇಡೀ ಹೊಳಲು ಎದ್ದು ನಿಲ್ಲುತ್ತಿತ್ತಂತೆ. ಇದು ಅವನದೇ ಮಾತು. ಈ ಮನೆಯಲ್ಲಿ ವಿಷಯ ಬೆಳೆಸುವ ಗುಣ ನನ್ನಿಂದ ಶುರುವಾದದ್ದಲ್ಲ. ಕೆಲಸ ಮುಗಿದು ಮನೆಯಲ್ಲಿ ಕೂತ ಮೇಲೆ ಗುದ್ದಲಿ ಮೂಲೆ ಸೇರಿತು, ಕೈ ಮಾತ್ರ ಸೇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಪೈಪು ಹಿಡಿಯುವನು. ತುಳಸಿಗೆ ನೀರು, ದಾಸವಾಳಕ್ಕೆ ನೀರು, ಅಂಗಳಕ್ಕೆ ನೀರು, ಬೀದಿಗೆ ನೀರು, ಹಾಲು ಹಾಕಲು ಬಂದವನ ಸೈಕಲ್ಲಿಗೆ ನೀರು. ಹಾಲಿನವನು, "ತಾತ, ನನ್ ಹಾಲ್ಗೆ ನಾನೇ ಹಾಕ್ಕೊಂಡಿವ್ನಿ, ನೀನ್ ಬ್ಯಾರೆ ಹಾಕ್ಬ್ಯಾಡ" ಎನ್ನುವನು. ನಮ್ಮಮ್ಮ ಯಾರ ಮನೆಯಿಂದಲೋ ಒಂದು ಕಳ್ಳಿಗಿಡ ತಂದು ಕುಂಡದಲ್ಲಿಟ್ಟಿದ್ದಳು. ಪಾಪ, ಅದಕ್ಕೆ ಈಜು ಬರುತ್ತಿರಲಿಲ್ಲ, ಸತ್ತಿತು. ಪಕ್ಕದ ಮನೆಯ ಕೋಳಿಗಳು ನಮ್ಮ ಹಿತ್ತಿಲಿಗೆ ಕೋಳಿಯಾಗಿ ಬಂದು ಬಾತುಕೋಳಿಯಾಗಿ ಹೋಗುತ್ತಿದ್ದವು.

ಯಾರಾದರೂ ಆಕ್ಷೇಪಿಸಿದರೆ ಅವನದು ಒಂದೇ ಉತ್ತರ: "ಈ ಲೋಕದಲ್ಲಿ ನೀರಿಲ್ದೆ ಬದುಕೋದು ಕಲ್ಲೊಂದೇ ಕಣ್ಮಗಾ. ಅದುಕ್ಕೂ ಒಂದ್ ದಪ ಆಕುದ್ರೆ ಏನಾಯ್ತದೆ?"

ಅಜ್ಜಿ ಬೆಳಕವಾಡಿಯವಳು. ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಅವಳ ತವರಿನ ಬಾಗಿಲಲ್ಲಿ ಒಂದು ದೇವಕಣಗಿಲೆ ಮರವಿತ್ತು. ನೀವು ನೋಡಿರುತ್ತೀರಿ, ಹೆಸರು ಬೇರೆ ಹೇಳುತ್ತಿರಬಹುದು: ಬೂದು ಬಣ್ಣದ ದಪ್ಪ ಕೊಂಬೆ, ಮುರಿದರೆ ತೊಟ್ಟಿಕ್ಕುವ ಹಾಲು, ನಡುವೆ ಅರಿಶಿನ ಸವರಿದಂತಿರುವ ಬಿಳಿಯ ಐದೆಸಳಿನ ಹೂವು. ಅಜ್ಜಿಗೆ ಆ ಮರ ಬರೀ ಮರವಲ್ಲ, ವಾದ ಗೆಲ್ಲುವ ಆಯುಧ. ನಮ್ಮ ಮನೆಯ ಸಾರು ಚೆನ್ನಾಗಿದೆ ಎಂದರೆ, "ನಮ್ಮವ್ವ ಆ ಮರದ್ ಕೆಳೀಕೆ ಒಲೆ ಊಡಿ ಮಾಡ್ತಿದ್ಲು, ಅದು ಸಾರು" ಎನ್ನುವಳು. ಮದುವೆಯಾಗಿ ಬಂದಾಗಿನಿಂದ ಅದರದೊಂದು ಕೊಂಬೆ ತಂದು ಇಲ್ಲಿ ನೆಡುತ್ತೇನೆಂದು ಕೇಳುತ್ತಿದ್ದಳು. ತಾತ ಒಪ್ಪಿದ್ದಿಲ್ಲ.

"ಮಸಣದಲ್ಲಿ ನೆಡೋ ಗಿಡವ ಮನೆ ಮುಂದೆ ನೆಡ್ತಾರಾ? ದೇವಸ್ಥಾನದಾಗೆ ನೆಟ್ರೆ ಒಂದು ಲೆಕ್ಕ. ಮನೇಗೆ ಬ್ಯಾಡ."

"ನಮ್ಮಪ್ಪನ್ ಮನೆ ಏನ್ ಮಸಣವಾ?" ಎಂದು ಅಜ್ಜಿ ಕೇಳುವಳು. ಇಂಥ ಪ್ರಶ್ನೆಗೆ ಗಂಡನಾದವನು ಉತ್ತರ ಕೊಡಬಾರದು ಎಂಬಷ್ಟು ಬುದ್ಧಿ ತಾತನಿಗಿತ್ತು. ಪೈಪು ಹಿಡಿದು ಹೊರಗೆ ಹೋಗುವನು. ಹೀಗೆ ಆ ಮರ ನಮ್ಮ ಮನೆಯ ಹೊರಗೇ ನಿಂತುಕೊಂಡು ನಮ್ಮ ಮನೆಯೊಳಗೆ ಜಗಳ ತಂದಿಡುತ್ತಾ ಎಷ್ಟೋ ಕಾಲ ಕಳೆಯಿತು.

ನಾನು ಎಂಟನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಬೆಳಕವಾಡಿಯಿಂದ ಸುದ್ದಿ ಬಂತು. ಅಜ್ಜಿಯ ತಮ್ಮ ಹೊಸ ಟ್ರ್ಯಾಕ್ಟರು ತೆಗೆದುಕೊಂಡಿದ್ದ. ಅದಕ್ಕೊಂದು ಶೆಡ್ಡು ಬೇಕಲ್ಲ, ಮರ ಅಡ್ಡ ಬಂತು. ಅಜ್ಜಿ ನನ್ನನ್ನು ಎಳೆದುಕೊಂಡು ಹೊರಟಳು. ನಾವು ತಲುಪುವಷ್ಟರಲ್ಲಿ ಮರ ಇರಲಿಲ್ಲ, ಬೇರನ್ನೂ ಕಿತ್ತು ಗುಂಡಿ ಮುಚ್ಚಿಯಾಗಿತ್ತು. ಸೌದೆಗೂ ಬಾರದೆಂದು ಬೇಲಿಯ ಬದಿಗೆ ಎಸೆದಿದ್ದ ಕೊಂಬೆಗಳ ರಾಶಿ ಮಾತ್ರ ಅಲ್ಲಿತ್ತು. ಅವಳ ತಮ್ಮ ಮುಖ ತಪ್ಪಿಸಿಕೊಂಡು, "ಅಕ್ಕ, ಒಂದ್ಲೋಟ ಕಾಪಿ ಕುಡೀತೀಯಾ?" ಎಂದ. ಅಜ್ಜಿ ಕಾಫಿ ಕುಡಿಯಲಿಲ್ಲ. ರಾಶಿಯಿಂದ ಒಂದಷ್ಟು ಕೊಂಬೆ ಮುರಿದು, ಸೆರಗಿನಲ್ಲಿ ಮಗು ಕಟ್ಟಿಕೊಂಡಂತೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಆ ಬಸ್ಸಿನ ಪ್ರಯಾಣವನ್ನು ನಾನು ಯಾರಿಗೂ ಅರ್ಧಕ್ಕೆ ಮುರಿದು ಹೇಳುವುದಿಲ್ಲ. ದೇವಕಣಗಿಲೆ ಮುರಿದರೆ ಹಾಲು ಸುರಿಯುತ್ತದೆ ಎಂದೆನಲ್ಲ, ಆ ಹಾಲು ಬಟ್ಟೆಗೆ ಬಿದ್ದರೆ ಕರೆ, ಚರ್ಮಕ್ಕೆ ಬಿದ್ದರೆ ಅಂಟು. ಮಳವಳ್ಳಿ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಬಿಳಿ ಅಂಗಿಯ ಮೇಷ್ಟರೊಬ್ಬರು ಸೀಟಿಗೆ ಅಂಟಿಕೊಂಡಿದ್ದರು. ಕಂಡಕ್ಟರು ಕೊಂಬೆ ನೋಡಿ, "ಏನಜ್ಜಿ, ಜಿಂಕೆ ಕೊಂಬು ಸಾಗಿಸ್ತಿದೀಯಾ? ಫಾರೆಸ್ಟ್‌ನೋರು ನನ್ನೂ ಇಡ್ಕೋತಾರೆ" ಎಂದ. ಬೇರೆ ದಿನವಾಗಿದ್ದರೆ ಅಜ್ಜಿ ಅವನ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಿದ್ದಳು. ಅವತ್ತು ಕಿಟಕಿಯ ಕಡೆ ತಿರುಗಿದವಳು ಮಳವಳ್ಳಿಯಲ್ಲಿ ಬಸ್ಸು ಬದಲಿಸಿದಾಗಲೂ ಮಾತಾಡಲಿಲ್ಲ, ಮದ್ದೂರಿನಲ್ಲಿ ಬದಲಿಸಿದಾಗಲೂ ಮಾತಾಡಲಿಲ್ಲ. ನನಗೆ ಆಗ ಸ್ವಲ್ಪ ಭಯವಾಯಿತು. ಜಗಳವಾಡದ ಅಜ್ಜಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮನೆಗೆ ಬಂದ ಮೇಲೂ ಹಾಗೇ. ತಾತನೊಡನೆ ಮಾತು ಬಂದ್. ಹೇಳಲೇಬೇಕಾದದ್ದನ್ನು ನನ್ನ ಮೂಲಕ ಹೇಳಿಸುವಳು. ತಾತ ಎದುರಿಗೇ ಕೂತಿರುವನು, "ನಿಮ್ ತಾತಂಗೆ ಯೋಳು, ಮುದ್ದೆ ಆರೋಯ್ತದೆ ಅಂತ" ಎನ್ನುವಳು. ನಾನು ತಾತನಿಗೆ ಹೇಳುವೆನು. ತಾತ, "ಉಣ್ತೀನಿ ಅಂತ ಯೋಳು" ಎನ್ನುವನು. ನಾನು ಅಜ್ಜಿಗೆ ಹೇಳುವೆನು. ಈ ಮಧ್ಯೆ ಮುದ್ದೆ ನಿಜವಾಗಿಯೂ ಆರುವುದು. ಎರಡು ದೇಶಗಳ ನಡುವಿನ ರಾಯಭಾರಿಯಾಗಿ ನಾನು ದಣಿದುಹೋದೆ.

ತಾತನಿಗೆ ತನ್ನ ತಪ್ಪು ನಾಟಿತು. ಒಂದು ಬೆಳಿಗ್ಗೆ ಅವನು ಯಾರನ್ನೂ ಕೇಳದೆ ಮೂಲೆ ಸೇರಿದ್ದ ಗುದ್ದಲಿ ತೆಗೆದ. ಮನೆಯ ಮುಂದೆಯೇ, ಬೀದಿಗೆ ಕಾಣುವ ಹಾಗೆ, ಉದ್ದಕ್ಕೆ ಒಂದು ಸಾಲು ಹೊಡೆದ. ಅಜ್ಜಿ ತಂದ ಕೊಂಬೆಗಳನ್ನು ಮೊಳದುದ್ದಕ್ಕೆ ಕತ್ತರಿಸಿದ. ಆಮೇಲೆ ಅವುಗಳನ್ನು ಸಾಲಿನೊಳಗೆ ಮಲಗಿಸಿ, ಮೇಲೆ ಮಣ್ಣೆಳೆದು, ಪಾದದಲ್ಲಿ ಮೆಲ್ಲಗೆ ಅದುಮಿ, ಸಾಲು ತುಂಬ ನೀರು ಕಟ್ಟಿದ.

ಮಂಡ್ಯದ ಸೀಮೆಯವರಲ್ಲದವರಿಗೆ ಇದರಲ್ಲಿ ಏನು ವಿಶೇಷ ಎಂದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಕಬ್ಬು ನೆಡುವುದು ಹೀಗೆ. ತುಂಡು ಮಾಡು, ಮಲಗಿಸು, ಮುಚ್ಚು, ನೀರು ಬಿಡು. ಗಿಣ್ಣಿಗೊಂದು ಮೊಳಕೆ ಎದ್ದು ಬರುತ್ತದೆ. ತಾತ ಕಂಡ ಲೋಕದಲ್ಲಿ ಕೋಲಿನಂತಿರುವುದೆಲ್ಲವೂ ಕಬ್ಬೇ. ದೇವಕಣಗಿಲೆಗೆ ಇದು ಯಾವುದೂ ಆಗದು. ಮುರಿದ ಕೊಂಬೆಯ ಹಾಲು ಆರಿ ಗಾಯ ಒಣಗುವ ತನಕ ಅದನ್ನು ನೆಡಲೇಬಾರದು. ನೆಟ್ಟ ಮೇಲೆ ಮರಳು ಬೇಕು, ಬಿಸಿಲು ಬೇಕು, ಮುಖ್ಯವಾಗಿ ಅದನ್ನು ಅದರ ಪಾಡಿಗೆ ಬಿಡುವವರು ಬೇಕು. ನಮ್ಮ ಮನೆಯಲ್ಲಿ ಎಲ್ಲವೂ ಇತ್ತು, ಆ ಕಡೆಯದು ಇರಲಿಲ್ಲ. ಅಜ್ಜಿ ಒಳಗಿನಿಂದ ಓಡಿ ಬಂದಾಗ ತಾತ ಬೆವರು ಒರೆಸಿಕೊಳ್ಳುತ್ತಾ, "ನೋಡು, ಒಂದ್ ಮರ ಕೇಳ್ದೆ, ತೋಪೇ ಎದ್ದು ಬತ್ತದೆ" ಎಂದ. ಅವನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಅಜ್ಜಿ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ನೀರು ಬೇಡವೆಂದು ಆಮೇಲೆ ಅವಳು ನನ್ನ ಮೂಲಕ ಹೇಳಿಸಿದಳು, ನಾನೂ ಹೇಳಿದೆ. ಫೋನಿನಲ್ಲಿ ದೇವಕಣಗಿಲೆ ನೆಡುವ ವಿಡಿಯೋ ಹಾಕಿ ಅವನ ಮೂಗಿನ ಕೆಳಗೇ ಹಿಡಿದೆ. ತಾತ ನೋಡಿ, "ಇವ್ನು ಯಾವೂರೋನು? ನಾಲೆ ಇರೋ ಊರಾ?" ಎಂದು ಕೇಳಿದ. ಅಲ್ಲ ಎಂದೆ. "ಮತ್ತೆ? ನೀರಿಲ್ದೋನು ನೀರಾಕ್ಬ್ಯಾಡಿ ಅಂತಾನೆ. ಇನ್ನೇನಂದಾನು?" ಎಂದು ಪೈಪು ಎತ್ತಿಕೊಂಡ. ಕೆಲವೇ ದಿನಗಳಲ್ಲಿ ಸಾಲು ಕೆದಕಿ ನೋಡಿದರೆ ಕೊಂಬೆಗಳು ಬೆಂದ ಬದನೆಕಾಯಿಯಾಗಿದ್ದವು. ಬೆರಳು ಒತ್ತಿದರೆ ಆಚೆ ಬದಿಗೆ ಬರುತ್ತಿತ್ತು. ತಾತ ಒಂದೊಂದನ್ನೂ ಎತ್ತಿ ನೋಡಿದ. "ನೀರ್ ಸಾಲ್ದೇ ಓಯ್ತೇನೋ" ಎಂದ.

ಉಳಿದದ್ದು ಒಂದು ಕೊಂಬೆ. ಬಸ್ಸಿನಿಂದ ಇಳಿದ ದಿನವೇ ಅಜ್ಜಿ ಅದೊಂದನ್ನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ ಎಸೆದಿದ್ದಳು. "ನಮ್ಮವ್ವ ಇಂಗೇ ಮಾಡ್ತಿದ್ದುದು. ಮುರ್ದು ಅಟ್ಟದ್ ಮ್ಯಾಲೆ ಎಸ್ದು ಮರ್ತುಬುಡೋಳು. ಗ್ಯಾಪ್ನ ಬಂದಾಗ ನೆಡೋಳು" ಎಂದಳು. ಅವಳ ಜೊತೆ ನಾನೂ ಹತ್ತಿ ನೋಡಿದೆ. ಸುಕ್ಕುಗಟ್ಟಿ, ಮುರಿದ ಬಾಯಿ ಒಣಗಿ ಗಟ್ಟಿಯಾಗಿ, ಮ್ಯೂಸಿಯಮ್ಮಿನಲ್ಲಿಡುವ ಯಾರದೋ ಮೂಳೆಯಂತಿತ್ತು. ಬೆಳಕವಾಡಿಯಲ್ಲಿ ಮರದ ಜಾಗದಲ್ಲಿ ಟ್ರ್ಯಾಕ್ಟರು ನಿಂತಿದೆ. ಬೇಲಿಯ ಬದಿಯ ರಾಶಿಗೆ ಅಜ್ಜಿಯ ತಮ್ಮ ಬೆಂಕಿ ಹಚ್ಚಿಯಾಗಿದೆ. ಅಜ್ಜಿಯ ಅವ್ವ ಸಾರು ಕುದಿಸಿದ ಆ ನೆರಳು ಇನ್ನು ಲೋಕದಲ್ಲಿ ಉಳಿದಿದ್ದರೆ ಈ ಮೂಳೆಯೊಳಗೆ ಉಳಿದಿರಬೇಕು. ಇದೂ ಹೋದರೆ ಮುಗಿಯಿತು.

ಅಷ್ಟರಲ್ಲಿ ಕೆಳಗಿನಿಂದ ತಾತನ ಕೂಗು: "ಕೂಸೇ, ನಿಮ್ಮಜ್ಜಿ ಇನ್ನೊಂದ್ ಕೊಂಬೆ ಎಲ್ಲೋ ಮಡಗವ್ಳೆ. ಈಸ್ಕೊ ಬಾ. ಈ ದಪ ನಿಲ್ಸೇ ನೆಡ್ತೀನಿ, ಕಾಲ ಕಾಲಕ್ಕೆ ನೀರ್ ಕಟ್ತೀನಿ."

ಅಜ್ಜಿ ನನ್ನ ಮುಖ ನೋಡಿದಳು. ನಾನು ಅಜ್ಜಿಯ ಮುಖ ನೋಡಿದೆ. ಕೊಡುವುದಿಲ್ಲ ಎನ್ನುವ ಹಾಗಿಲ್ಲ. ಆ ಮನುಷ್ಯ ಎಷ್ಟೋ ವರ್ಷ ಬೇಡವೆಂದದ್ದಕ್ಕೆ ಪರಿಹಾರ ಮಾಡಲು ತುದಿಗಾಲಲ್ಲಿ ನಿಂತಿದ್ದಾನೆ, ಅವನಿಗೆ ಗೊತ್ತಿರುವ ಪ್ರೀತಿ ಪೈಪಿನಲ್ಲೇ ಬರುವುದು. ಕೊಡುವ ಹಾಗೂ ಇಲ್ಲ. ಕೊಟ್ಟರೆ ಇದೂ ಬದನೆಕಾಯಿ. ಇಂಥ ಬಿಕ್ಕಟ್ಟಿನಲ್ಲಿ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಅದನ್ನು ಯೋಚಿಸಿದವಳು ನಾನೇ ಎಂಬುದನ್ನು ದಯವಿಟ್ಟು ಗುರುತಿಟ್ಟುಕೊಳ್ಳಿ; ಅಜ್ಜಿ ತನ್ನದೆಂದು ಹೇಳಿಕೊಂಡು ತಿರುಗುತ್ತಾಳೆ.

ಪಕ್ಕದ ಮನೆಯ ಜಯಮ್ಮನವರ ನುಗ್ಗೆಮರದ ಕೊಂಬೆಯೊಂದು ನಮ್ಮ ಕಾಂಪೌಂಡಿನೊಳಗೆ ಬಾಗಿತ್ತು. ನುಗ್ಗೆಯ ಕೊಂಬೆಯೂ ದಪ್ಪ, ಬೂದು. ಎಲೆ ಸವರಿದರೆ ಇದೂ ಒಂದು ಕೋಲು, ಅದೂ ಒಂದು ಕೋಲು. ತಾತನ ಎರಡೂ ಕಣ್ಣಿಗೆ ಆಗ ಪೊರೆ ಬಂದಿತ್ತು. ನನ್ನನ್ನೇ ದೂರದಿಂದ ನೋಡಿ ಪೋಸ್ಟ್‌ಮ್ಯಾನ್ ಬಂದ ಎನ್ನುತ್ತಿದ್ದ. ಕೊಂಬೆ ಕಡಿದು ತಂದೆ. "ಹಾಲು?" ಎಂದಳು ಅಜ್ಜಿ. ಹೌದಲ್ಲ, ದೇವಕಣಗಿಲೆಗೆ ಹಾಲು ಬರಬೇಕು. ಅಡುಗೆಮನೆಗೆ ಹೋಗಿ ಅದರ ಬುಡವನ್ನು ಮಜ್ಜಿಗೆಯಲ್ಲಿ ಅದ್ದಿ ತಂದಳು. ನನ್ನನ್ನು ಕಿಲಾಡಿ ಎನ್ನುತ್ತಾರಲ್ಲ, ಅವರು ನಮ್ಮಜ್ಜಿಯ ಜೊತೆ ಒಂದು ದಿನ ಇದ್ದು ನೋಡಬೇಕು.

ತಾತ ಆ ನುಗ್ಗೆಯ ಕೋಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬುಡವನ್ನು ಮುಟ್ಟಿದ, ಬೆರಳನ್ನು ಮೂಗಿನ ಹತ್ತಿರ ತಂದ. ಅಜ್ಜಿ ಮಜ್ಜಿಗೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಒಳ್ಳೆ ಕೊಂಬೆ" ಎಂದ ತಾತ. "ನೀನೇನೂ ಯೋಚ್ನೆ ಮಾಡ್ಬ್ಯಾಡ ಕಣಮ್ಮಿ. ಇದ ನಾನ್ ಸಾಯಕ್ ಬುಡಾಕಿಲ್ಲ."

ಎಷ್ಟೋ ದಿನಗಳ ಮೇಲೆ ಅಜ್ಜಿ ಅವನಿಗೆ ನೇರವಾಗಿ ಉತ್ತರ ಕೊಟ್ಟಳು: "ನೋಡ್ಕಳಿ ಮತ್ತೆ." ನನ್ನ ರಾಯಭಾರದ ಕೆಲಸ ಅಲ್ಲಿಗೆ ಹೋಯಿತು.

ಹೀಗೆ ನಮ್ಮ ಮನೆಯಲ್ಲಿ ಎರಡು ದೇವಕಣಗಿಲೆಗಳಾದವು. ಕೆಳಗಿನದು ತಾತನದು, ಬಚ್ಚಲ ನೀರು ಹರಿಯುವ ಕಡೆ ನೆಟ್ಟದ್ದು, ಬೆಳಿಗ್ಗೆ ಸಂಜೆ ಅಭಿಷೇಕ. ಮೇಲಿನದು ಅಜ್ಜಿಯದು. ಗೆಜ್ಜಲಗೆರೆಯ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ಅಪ್ಪ ಬೈಕಿನ ಹಿಂದೆ ಕಟ್ಟಿ ತಂದ ಪೇಂಟಿನ ಬಕೆಟ್ಟು, ತಳಕ್ಕೆ ತೂತು, ಒಡೆದ ಹೆಂಚಿನ ಚೂರು, ಮೇಲೆ ಮರಳು ಬೆರೆತ ಮಣ್ಣು. ನೆಟ್ಟ ದಿನ ಒಂದಿಷ್ಟು ನೀರು ಚಿಮುಕಿಸಿ ಅಜ್ಜಿ, "ಆಯ್ತು, ಇನ್ ಮರ್ತುಬುಡು" ಎಂದಳು. ಮರೆಯುವುದು ಎಷ್ಟು ಕಷ್ಟ ಗೊತ್ತೇ? ಪರೀಕ್ಷೆಯಲ್ಲಿ ಬೇಕಾದದ್ದನ್ನೆಲ್ಲ ಸಲೀಸಾಗಿ ಮರೆಯುವ ನಾನು ಈ ಕೋಲನ್ನು ಮಾತ್ರ ಮರೆಯಲಾರದೆ ದಿನಾ ಹತ್ತಿ ನೋಡುತ್ತಿದ್ದೆ. ನೋಡಿದರೆ ಮುಟ್ಟಬೇಕೆನ್ನಿಸುವುದು, ಮುಟ್ಟಿದರೆ ಅಲ್ಲಾಡಿಸಿ ಬೇರು ಬಂತೇ ಎಂದು ನೋಡಬೇಕೆನ್ನಿಸುವುದು. ಅಜ್ಜಿ ಮೆಟ್ಟಿಲ ಕೆಳಗಿನಿಂದಲೇ, "ಮುಟ್ಬ್ಯಾಡ ಕಣೇ! ನಿಮ್ ತಾತನ್ ರಕ್ತ ಅಲ್ವಾ, ಸುಮ್ನಿರು ಅಂದ್ರೆ ಇರಾಕಿಲ್ಲ" ಎನ್ನುವಳು.

ಮಂಡಿನೋವೆಂದು ತಾತ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದೊಂದು ನಮ್ಮ ಪುಣ್ಯ. ಅದೇ ಮಂಡಿಯಲ್ಲಿ ದಿನಾ ನಾಲೆಯ ಏರಿಯ ತನಕ ನಡೆದು ಬರುತ್ತಿದ್ದನಲ್ಲ ಎಂದು ನಾನು ಆಗ ಯೋಚಿಸಲಿಲ್ಲ. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಳ್ಳುವುದರಲ್ಲಿ ಸಮಯ ಸಿಗುತ್ತಿರಲಿಲ್ಲ.

ಮಳೆ ಶುರುವಾಗುವಷ್ಟರಲ್ಲಿ ಒಂದು ಅನಾಹುತವಾಯಿತು. ಕೆಳಗಿನ ಕೋಲು ಚಿಗುರಿತು. ಅದು ಕೊಳೆತು ಹೋಗುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ ಎಂಬುದು ನಮ್ಮ ಲೆಕ್ಕ. ಅದು ನೋಡಿದರೆ ಸಣ್ಣ ಸಣ್ಣ ದುಂಡನೆಯ ಎಲೆ ಬಿಟ್ಟುಕೊಂಡು, ನಾನು ನುಗ್ಗೆ, ನಾನು ನುಗ್ಗೆ ಎಂದು ಬೀದಿಗೆಲ್ಲ ಕೂಗಿ ಹೇಳುತ್ತಿತ್ತು. ದೇವಕಣಗಿಲೆಯ ಎಲೆ ಮಾವಿನೆಲೆಗಿಂತ ದೊಡ್ಡದು. ತಾತ ಆ ಚಿಗುರನ್ನು ಬೆರಳಲ್ಲಿ ಸವರಿ, "ನೋಡ್ರಿ! ನಾನು ಯೋಳಿರ್ನಿಲ್ವಾ!" ಎಂದು ಮನೆಯವರನ್ನೆಲ್ಲ ಕರೆದ. ನಾವು ಬಂದು ನೋಡಿ ಆಶ್ಚರ್ಯಪಟ್ಟೆವು. ಅಜ್ಜಿ ಪಟ್ಟ ಆಶ್ಚರ್ಯ ಸ್ವಲ್ಪ ಜಾಸ್ತಿಯಾಯಿತೆಂದು ನನಗೆ ಅನ್ನಿಸಿತು.

ಜಯಮ್ಮನವರು ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದರು. "ಇದು ನಮ್ಮನೆ ನುಗ್ಗೆ ಇದ್ದಂಗದಲ್ಲಣ್ಣ?"

"ನಿನ್ ಕಣ್ಗೆ ಪೊರೆ ಬಂದದೆ ಕಣವ್ವ" ಎಂದ ತಾತ. "ಆಸ್ಪತ್ರೆಗ್ ತೋರ್ಸು. ಇದು ಬೆಳಕವಾಡಿ ದ್ಯಾವಕಣಗ್ಲೆ."

"ಎಲೆ ಚಿಕ್ಕದಾಗದೆ?"

"ಕೂಸಿನ್ ಕೈ ದೊಡ್ಡದಿರ್ತದಾ? ಬೆಳೀಲಿ ತಡಿ."

ಮುಂದಿನ ವರ್ಷ ತಾತನ ಕಣ್ಣಿಗೇ ಆಪರೇಷನ್ ಆಯಿತು. ಅಪ್ಪ ಆಸ್ಪತ್ರೆಯಿಂದ ಕರೆದುಕೊಂಡು ಬರುವಾಗ ಅಜ್ಜಿಯೂ ನಾನೂ ಬಾಗಿಲಲ್ಲಿ ಕಳ್ಳರ ಹಾಗೆ ನಿಂತಿದ್ದೆವು. ತಾತ ಕರಿ ಕನ್ನಡಕ ತೆಗೆದ. ನನ್ನನ್ನು ನೋಡಿ, "ಏನ್ ಕೂಸೇ, ಇಷ್ಟ್ ಕಪ್ಪಗಾಗಿದೀಯ?" ಎಂದ. ಕಣ್ಣು ಬಂದಿತ್ತು, ಸಂಶಯವಿರಲಿಲ್ಲ. ಅಲ್ಲಿಂದ ನೇರವಾಗಿ ಗಿಡದ ಹತ್ತಿರ ಹೋದ. ಅಷ್ಟರಲ್ಲಿ ಅದು ಸೂರಿನೆತ್ತರ ಬೆಳೆದು, ನೊರೆಯಂಥ ಹೂ ಬಿಟ್ಟುಕೊಂಡು, ಇಡೀ ಮಂಡ್ಯ ಜಿಲ್ಲೆಯ ಯಾವ ಕುರುಡನಿಗೂ ನುಗ್ಗೆ ಎಂದು ಗೊತ್ತಾಗುವ ಹಾಗೆ ನಿಂತಿತ್ತು. ತಾತ ಮೇಲಿನಿಂದ ಕೆಳಗೆ ನೋಡಿದ, ಕೆಳಗಿನಿಂದ ಮೇಲೆ ನೋಡಿದ.

"ಬಾಳ ಚೆನ್ನಾಗ್ ಬಂದದೆ" ಎಂದು ಪೈಪು ಎತ್ತಿಕೊಂಡ.

ಆಪರೇಷನ್ ಕೆಟ್ಟಿದೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಆಮೇಲೆ ಕಾಯಿ ಬಿಟ್ಟಿತು. ನುಗ್ಗೆಗೆ ನಾಚಿಕೆ ಎಂಬುದಿಲ್ಲ, ಗೊಂಚಲು ಗೊಂಚಲಾಗಿ ನೇತಾಡಿಸಿಕೊಂಡಿತು. ತಾತ ಟೀ ಅಂಗಡಿಗೆ ಹೋದ ಸಮಯ ನೋಡಿ ಅಜ್ಜಿ ದೋಟಿಯಲ್ಲಿ ಕಾಯಿ ಕಿತ್ತು ಸೆರಗಿನೊಳಗೆ ಅಡಗಿಸುವಳು. ಅರ್ಧ ಜಯಮ್ಮನವರ ಬಾಯಿ ಮುಚ್ಚಿಸಲು ಹೋಗುವುದು, ಅರ್ಧ ಸಾರಿಗೆ. ಊಟಕ್ಕೆ ಕೂತ ತಾತ, "ಎಲ್ಲೀದಮ್ಮಿ ನುಗ್ಗೆಕಾಯಿ?" ಎಂದರೆ, "ಮಂಡ್ಯ ಸಂತೇಲಿ ತರ್ಸ್ದೆ" ಎನ್ನುವಳು. "ಎಳೇವಾಗದೆ" ಎನ್ನುವನು ತಾತ. ಅವನು ಜಗಿದಿಟ್ಟ ಸಿಪ್ಪೆ ತಟ್ಟೆಯ ಪಕ್ಕದಲ್ಲಿ ಗುಡ್ಡವಾಗಿರುತ್ತಿತ್ತು.

ಮೇಲಿನದರ ಕಥೆಯೇ ಬೇರೆ. ಅದು ಬದುಕಿದ್ದೇನೆ ಎಂದು ಒಪ್ಪಿಕೊಳ್ಳಲೇ ಒಂದು ಮಳೆಗಾಲ ಹಿಡಿಯಿತು. ತುದಿಯಲ್ಲಿ ಗಿಳಿಯ ಕೊಕ್ಕಿನಂಥ ಒಂದು ಚಿಗುರು, ನಾಲ್ಕು ಎಲೆ, ಅಷ್ಟೇ. ಚಳಿ ಬಂದೊಡನೆ ಆ ನಾಲ್ಕನ್ನೂ ಉದುರಿಸಿ ಮತ್ತೆ ಮೂಳೆಯಾಗಿ ನಿಂತುಬಿಟ್ಟಿತು. ನಾನು ಅತ್ತುಬಿಟ್ಟೆ. ಧೂಳು ಬಿದ್ದಿತ್ತು ಎಂದು ಆಗ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಅಜ್ಜಿ ಹತ್ತಿ ಬಂದು ಉಗುರಿನಿಂದ ತೊಗಟೆಯನ್ನು ಚೂರು ಕೆರೆದಳು. ಒಳಗೆ ಎಳೆ ಹಸಿರು, ಅದರ ಮೇಲೆ ಸಾಸಿವೆಯಷ್ಟು ಹಾಲು. "ಮನಗದೆ ಕಣೇ, ಸತ್ತಿಲ್ಲ" ಎಂದಳು. ಕೆರೆದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದಳು. ಪ್ರತಿ ಚಳಿಗಾಲವೂ ಹೀಗೇ. ಅದು ಸತ್ತಂತೆ ಮಲಗುವುದು, ನಾನು ಸತ್ತೇ ಹೋಯಿತು ಎಂದು ಎದೆ ಬಡಿದುಕೊಳ್ಳುವುದು, ಅಜ್ಜಿ ಉಗುರು ತೋರಿಸುವುದು. ಬಕೆಟ್ಟಿನಲ್ಲಿ ಬೇರಿಗೆ ಜಾಗ ಸಾಲದೆ ಬೆಳವಣಿಗೆ ನಿಧಾನ. ನೆಲಕ್ಕೆ ನೆಡೋಣ ಎಂದರೆ ನೆಲವೆಲ್ಲ ತಾತನ ರಾಜ್ಯ.

ಈ ಬೇಸಿಗೆಯಲ್ಲಿ ಅದು ಮೊದಲ ಸಲ ಮೊಗ್ಗು ಕಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಅರಳಿತು. ನಾವು ಅದನ್ನು ಕಣ್ಣಿಂದ ಅಡಗಿಸಿದ್ದೆವು, ಮೂಗಿನಿಂದ ಅಡಗಿಸುವುದು ಹೇಗೆ ಎಂದು ಯೋಚಿಸಿರಲಿಲ್ಲ. ವಾಸನೆ ಮೆಟ್ಟಿಲು ಇಳಿದು ನಡುಮನೆಗೆ ಬಂತು. ಮಧ್ಯಾಹ್ನ ಊಟಕ್ಕೆ ಕೂತಾಗ ಇಡೀ ಮನೆ ಘಮ್ಮೆನ್ನುತ್ತಿತ್ತು. ತಾತ ತಲೆ ಎತ್ತಲಿಲ್ಲ. ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಒಂದು ನುಗ್ಗೆಕಾಯಿ ಎತ್ತಿ ಹಲ್ಲಿನಲ್ಲಿ ಎಳೆದು, ಸಿಪ್ಪೆ ಪಕ್ಕಕ್ಕಿಟ್ಟು ಹೇಳಿದ:

"ನಿಮ್ಮೂರ್ ದ್ಯಾವಕಣಗ್ಲೆ ಈ ವರ್ಸ ಬಾಳ ರುಚಿಯಾಗದೆ ಕಣಮ್ಮಿ."

ಅಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ಅಪ್ಪನಿಗೆ ನೆತ್ತಿ ಹತ್ತಿತು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ನೆಲದ ಮೇಲೆ ಇಲ್ಲದ ಇರುವೆಯನ್ನು ಹುಡುಕುತ್ತಿದ್ದಳು.

"ಯಾವಾಗ್ ಗೊತ್ತಾಯ್ತು ತಾತ? ಕಣ್ ಆಪರೇಷನ್ ಆದ್ಮೇಲಾ?" ಎಂದು ಕೇಳಿದೆ.

"ಕೈಗ್ ಕೊಟ್ರಲ್ಲ, ಆಗ್ಲೇ. ದ್ಯಾವಕಣಗ್ಲೆ ಹಾಲು ಬೆರಳ್ಗೆ ಅಂಟ್ತದೆ. ನೀವ್ ಕೊಟ್ಟುದ್ದು ಮಜ್ಜಿಗೆ ವಾಸ್ನೆ. ಒಗ್ಗರಣೆ ಒಂದ್ ಆಕಿರ್ನಿಲ್ಲ."

ನನ್ನ ಜೀವಮಾನದ ಅತಿ ದೊಡ್ಡ ಉಪಾಯ ಇಷ್ಟು ವರ್ಷ ಮಜ್ಜಿಗೆಯಲ್ಲಿ ಮುಳುಗಿ ಬಿದ್ದಿತ್ತು! ಆ ಕಥೆಯನ್ನು ನಾನು ಎಷ್ಟು ಜನಕ್ಕೆ, ಎಷ್ಟು ಬಣ್ಣ ಕಟ್ಟಿ, ತಾತನ ನಡಿಗೆಯನ್ನೂ ಕುರುಡುಗಣ್ಣನ್ನೂ ನಟಿಸಿ ತೋರಿಸಿದ್ದೆನೋ.

ಅಜ್ಜಿ ಮೆಲ್ಲಗೆ ಕೇಳಿದಳು: "ಗೊತ್ತಿದ್ದೂ ಯಾಕ್ ಸುಮ್ಕಿದ್ರಿ? ಇಷ್ಟ್ ವರ್ಸ ಆ ನುಗ್ಗೇಗೆ ನೀರ್ ಉಯ್ದ್ರಲ್ಲ?"

ತಾತ ಬೆರಳು ನೆಕ್ಕಿಕೊಂಡ. "ಗೊತ್ತಾಯ್ತು ಅಂದಿದ್ರೆ, ನೀನು ನಿಜವಾದ್ ಕೊಂಬೇನ ತಂದು ಕೊಡ್ಬೇಕಾಯ್ತಿತ್ತು. ನನ್ ಕೈ ಸುಮ್ಕಿರಾಕಿಲ್ಲ ಅಂತ ನಿಂಗೊಬ್ಳಿಗೇ ಗೊತ್ತಾ? ನಂಗ್ ಗೊತ್ತಿಲ್ವಾ? ಆ ಸಾಲ್ನಾಗೆ ಕೊಳ್ತವ ಎತ್ತಿ ನೋಡ್ದೋನು ನಾನೇಯ."

ಸಾರು ಬೇಕೇ ಎಂದು ಅಮ್ಮ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಮಂಡಿನೋವು ಎಂದು ಒಂದು ಸಲವೂ ಮೆಟ್ಟಿಲು ಹತ್ತದೆ, ತಾರಸಿಯ ಕಡೆ ತಲೆ ಎತ್ತದೆ, ಕಣ್ಣು ಬಂದ ಮೇಲೂ ಕುರುಡನಂತಿದ್ದ ಆ ಮನುಷ್ಯ ತಟ್ಟೆಯ ಅಂಚನ್ನು ಒರೆಸುತ್ತಾ ಕೂತಿದ್ದ.

"ಬನ್ನಿ ಮ್ಯಾಕೆ" ಎಂದಳು ಅಜ್ಜಿ. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು, "ಊ ಬುಟ್ಟದೆ. ಕೈ ಇಡ್ಕೊಂಡು ಕರ್ಕೊಂಡ್ ಓಯ್ತೀನಿ, ನೋಡೀರಂತೆ ಬನ್ನಿ."

ತಾತ ತಲೆಯಾಡಿಸಿದ. "ಬ್ಯಾಡ ಕಣಮ್ಮಿ. ಬಂದ್ರೆ ನೀರಾಕ್ಬುಡ್ತೀನಿ."

ಕೈ ತೊಳೆದು ಹೊರಗೆ ಹೋದ. ಪೈಪಿನ ಸದ್ದು ಶುರುವಾಯಿತು. ಅಜ್ಜಿ ತಟ್ಟೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು, ನಾನು ಹಿಂದೆಯೇ ಓಡಿದೆ. ಗೊಂಚಲಿನಲ್ಲಿ ಅರಳಿದ್ದು ಕೆಲವೇ ಹೂ. ಅವಳು ಒಂದನ್ನು ತೊಟ್ಟಿನಿಂದ ಬಿಡಿಸಿ, ತಾರಸಿಯ ಅಂಚಿಗೆ ಬಂದು ಕೆಳಕ್ಕೆ ಬಿಟ್ಟಳು. ದೇವಕಣಗಿಲೆ ಬೀಳುವಾಗ ಗಿರಗಿಟ್ಲೆಯಂತೆ ತಿರುಗುತ್ತಾ ಬೀಳುತ್ತದೆ. ಅದು ತಾತನ ಕಾಲ ಬಳಿಯ ಕೆಸರಿಗೆ ಬಿತ್ತು. ತಾತ ಮೇಲೆ ನೋಡಲಿಲ್ಲ. ಪೈಪನ್ನು ಕಂಕುಳಲ್ಲಿ ಅದುಮಿಕೊಂಡು ಬಗ್ಗಿದ, ಹೂ ಎತ್ತಿದ, ಪಂಚೆಗೆ ಒರೆಸಿದ, ಮೂಸಿದ. ಆಮೇಲೆ ಬಲಗಿವಿಯ ಮೇಲೆ ಸಿಕ್ಕಿಸಿಕೊಂಡು ನುಗ್ಗೆಗೆ ನೀರು ಹಾಕುವುದನ್ನು ಮುಂದುವರಿಸಿದ.

ಈಗ ಇದು ಅವರಿಬ್ಬರ ದಿನಚರಿ. ಅಜ್ಜಿ ಬೆಳಿಗ್ಗೆ ಮೇಲಿನಿಂದ ಒಂದು ಹೂ ಉದುರಿಸುತ್ತಾಳೆ, ತಾತ ಕಿವಿಗೆ ಇಟ್ಟುಕೊಂಡು ಟೀ ಅಂಗಡಿಗೆ ಹೋಗುತ್ತಾನೆ. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಲು ಹೊರಟರೆ ಬೆಳೆಸಲು ಎಲ್ಲೂ ಜಾಗ ಸಿಗುತ್ತಿಲ್ಲ, ಇದ್ದದ್ದು ಇದ್ದ ಹಾಗೇ ಬಾಯಿಗೆ ಬರುತ್ತದೆ, ಅದು ನನಗೆ ಅಭ್ಯಾಸವಿಲ್ಲ. ಇವತ್ತು ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಕಾಯುತ್ತಾ ಅಂಗಡಿಯ ಪಕ್ಕದಲ್ಲಿ ನಿಂತಿದ್ದೆ. ಬೆಂಚಿನ ಮೇಲೆ ತಾತನ ಜೊತೆ ಕೂತಿದ್ದ ಅವನ ವಯಸ್ಸಿನ ಗೆಳೆಯನೊಬ್ಬ ಕೇಳುತ್ತಿದ್ದ, "ಏನ್ಲಾ ಇದು, ಈ ವಯಸ್ನಾಗೆ ಊ ಮುಡ್ಕೊಂಡು ಓಡಾಡ್ತಿದೀಯ?"

ಗೆಳೆಯ ಕೈ ಚಾಚಿದ. ತಾತ ತಲೆಯನ್ನು ಆಚೆಗೆ ಸರಿಸಿದ.

"ಮುಟ್ಬ್ಯಾಡ ಕಣ್ಲಾ" ಎಂದ. "ನಮ್ಮೆಡ್ತಿ ತೌರ್ಮನೇದು."